ಹೊನ್ನಾವರ: ಕಡಲು ನೋಡಲು ಹೊರಟ ಕೊಡಗಿನವರಿಗೆ

ಹೊನ್ನಾವರಕ್ಕೆ ಹೋಗಿ ಬನ್ನಿ. ಶನಿವಾರ, ಭಾನುವಾರ ಬೇಡ, ವಾರದ ಮಧ್ಯೆ ಹೋಗಿ. ಮಳೆಗಾಲ ಬೇಡ, ನವೆಂಬರಿನಿಂದ ಮಾರ್ಚ್ ಒಳಗೆ ಹೋಗಿ. ಉಳಿಯೋದು ಪೇಟೆಯೊಳಗೆ ಬೇಡ. ಮಂಗಳೂರು ಕಡೆಯಿಂದ ಹೋದರೆ ಶರಾವತಿ ಸೇತುವೆ ದಾಟುವ ಮೊದಲೇ ಕಾಸರಕೋಡು ಸಿಗುತ್ತದೆ, ಅಲ್ಲೇ ಎಲ್ಲಾದರೂ ಇಳಿದುಕೊಳ್ಳಿ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಮಿಕ್ಕಿದ್ದು ಪುರುಸೊತ್ತು ಇರುವವರಿಗೆ.

ನಮ್ಮದು ಚೇರಂಬಾಣೆ ಹತ್ತಿರ ಸಣ್ಣ ಕಾಫಿ ತೋಟ. ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇಗೆ ಬಿಟ್ಟಿದ್ದೇವೆ. ಅಡಿಗೆಯಿಂದ ಹಿಡಿದು ಬೆಡ್‌ಶೀಟ್ ಒಗೆಯುವವರೆಗೆ ಎಲ್ಲ ನಾನೇ ನೋಡಿಕೊಳ್ಳುವುದು. ಹಾಗಾಗಿ ಬೇರೆ ಊರಲ್ಲಿ ಉಳಿದಾಗ ನನ್ನ ಕಣ್ಣು ಸುಮ್ನೆ ಇರೋದಿಲ್ಲ. ಬಚ್ಚಲಲ್ಲಿ ಬಿಸಿನೀರು ಬರುತ್ತದಾ, ಊಟ ಬಡಿಸುವವರ ಮುಖ ಹೇಗಿದೆ, ರಾತ್ರಿ ಎಷ್ಟೊತ್ತಿಗೆ ಗಲಾಟೆ ನಿಲ್ಲುತ್ತದೆ, ಇದನ್ನೆಲ್ಲ ನೋಡುತ್ತೇನೆ. ಅದಕ್ಕಿಂತ ಜಾಸ್ತಿ ನೋಡೋದು, ಊರಿನವರು ತಮ್ಮ ಊರನ್ನು ಬಂದವರಿಗೆ ಹೇಗೆ ತೋರಿಸುತ್ತಾರೆ ಅಂತ.

ನಮ್ಮಲ್ಲಿಗೆ ಬರುವ ಎಷ್ಟೋ ಜನ ಚೀಲ ಇಳಿಸುವ ಮೊದಲೇ ಕೇಳುವುದು, "ಆನೆ ಎಷ್ಟು ಗಂಟೆಗೆ ಬರುತ್ತೆ?" ಆನೆ ಬಾರದಿರಲಿ ಅಂತ ಕೈಮುಗಿದು ಮಲಗುವವರು ನಾವು. ಕಾಡಾನೆ ರಸ್ತೆ ದಾಟುವಾಗ ಕಾರು ನಿಲ್ಲಿಸಿ, ಬಾಗಿಲು ತೆಗೆದು, ಮೊಬೈಲ್ ಹಿಡಿದು ಓಡುವವರನ್ನು ಕಂಡು ಕಂಡು ಸಾಕಾಗಿದೆ. ಕಾಡುಪ್ರಾಣಿ ಇರುವ ಊರಲ್ಲಿ ಅತಿಥಿಗಳನ್ನು ಹೇಗೆ ಸಂಭಾಳಿಸಬೇಕು ಅನ್ನೋದು ನನಗೆ ದಿನಾ ಇರುವ ಚಿಂತೆ. ಹೊನ್ನಾವರವನ್ನು ಆ ಚಿಂತೆ ಇಟ್ಟುಕೊಂಡೇ ನೋಡಿದೆ. ಆ ಊರು ನನ್ನ ಮನಸ್ಸಿಗೆ ಇಷ್ಟು ಹಿಡಿಸಿದ್ದೂ ಅದಕ್ಕೇ.

ನಮ್ಮ ಜಿಲ್ಲೆಯವರಿಗೆ ಕಡಲು ಅಂದ್ರೆ ಎರಡು ದಾರಿ. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರು ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗುತ್ತಾರೆ. ಪಯ್ಯಾಂಬಲಂ ನೋಡಿ, ಮುಳಪ್ಪಿಲಂಗಾಡ್ ಮರಳ ಮೇಲೆ ಕಾರು ಓಡಿಸಿ, ಸಂಜೆ ವಾಪಸ್. ಮಡಿಕೇರಿ ಕಡೆಯವರು ಸಂಪಾಜೆ ಇಳಿದು ಪಣಂಬೂರು, ಇನ್ನೂ ಉತ್ಸಾಹ ಇದ್ದರೆ ಮಲ್ಪೆ. ಎರಡೂ ಚೆನ್ನಾಗಿಯೇ ಇವೆ, ನಾನೂ ಹೋಗಿದ್ದೇನೆ. ಆದರೆ ಮಗಳಿಗೆ ಕಡಲಾಮೆ ನೋಡಬೇಕಿತ್ತು. ಅತ್ತೆಗೆ ಇಡಗುಂಜಿ ಗಣಪತಿಗೆ ಕೈಮುಗಿಯಬೇಕಿತ್ತು. ರೋಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿಸಿ ಮೂಟೆ ಕಟ್ಟಿ, ಹೂಮಳೆಗೆ ಕಾಯುವ ಹೊತ್ತು. ನಮಗೆ ಬಿಡುವು ಸಿಗೋದೇ ಆಗ.

ದಾರಿ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಬೆಳಿಗ್ಗೆ ಬೇಗ ಹೊರಟು ಸುಳ್ಯದಲ್ಲಿ ತಿಂಡಿ ಮುಗಿಸಿದರೆ ಬಿಸಿಲೇರುವ ಮೊದಲು ಮಂಗಳೂರು ದಾಟಬಹುದು. ಆಮೇಲೆ ಹೆದ್ದಾರಿ 66 ಹಿಡಿದು ನೇರ ಉತ್ತರಕ್ಕೆ. ಮರವಂತೆಯಲ್ಲಿ ನಿಲ್ಲಲೇಬೇಕು, ಒಂದು ಬದಿ ಸೌಪರ್ಣಿಕಾ ನದಿ, ಇನ್ನೊಂದು ಬದಿ ಕಡಲು, ಮಧ್ಯೆ ರಸ್ತೆ. ಭಟ್ಕಳ ಬಿಟ್ಟ ಮೇಲೆ ಅಲ್ಲಲ್ಲಿ ಗುಡ್ಡ ಕಡಿದು ರಸ್ತೆ ಅಗಲ ಮಾಡಿದ್ದಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನೋಡಿದ ನಮಗೆ ಹಸಿ ಮಣ್ಣಿನ ಗೋಡೆ ಪಕ್ಕದಲ್ಲಿ ಹೋಗುವಾಗ ಎದೆ ಹಿಡಿದುಕೊಳ್ಳುತ್ತದೆ. ಹೊನ್ನಾವರದಿಂದ ಇನ್ನೂ ಮುಂದೆ, ಅಂಕೋಲಾದ ಶಿರೂರಿನಲ್ಲಿ 2024ರ ಜುಲೈಯಲ್ಲಿ ಗುಡ್ಡ ಕುಸಿದು ಜನ ಸತ್ತರು. ಮಳೆಗಾಲ ಬೇಡ ಅಂದೆನಲ್ಲ, ಅದಕ್ಕೆ ಇದೂ ಒಂದು ಕಾರಣ.

ನಾವು ಉಳಿದದ್ದು ಕಾಸರಕೋಡಿನಲ್ಲಿ, ಗಾಳಿಮರಗಳ ಹಿಂದಿನ ಒಂದು ಮನೆಯಲ್ಲಿ. ಹೆಸರು ಬರೆಯೋದಿಲ್ಲ. ಅವರಿಗಿರೋದು ಮೂರೇ ಕೋಣೆ, ಜನ ಜಾಸ್ತಿಯಾದರೆ ಸುಧಾರಿಸೋಕಾಗಲ್ಲ ಅಂತ ಮನೆಯ ಅಕ್ಕನೇ ಹೇಳಿದರು. ಹೆಂಚಿನ ಮನೆ, ಕೆಂಪು ಗಾರೆ ನೆಲ, ಮಂಚಕ್ಕೆ ಸೊಳ್ಳೆಪರದೆ. ಎಸಿ ಒಂದೇ ಕೋಣೆಗೆ ಇತ್ತು, ಅದನ್ನು ಅತ್ತೆಗೆ ಬಿಟ್ಟೆವು. ಹಾಸಿಗೆ ಬಟ್ಟೆ ಬಿಸಿಲಲ್ಲಿ ಒಣಗಿಸಿದ್ದು, ಮೂಗಿಗೇ ಗೊತ್ತಾಗುತ್ತದೆ. ಆರು ತಿಂಗಳು ಮಳೆಯಲ್ಲಿ ಬಟ್ಟೆ ಒಣಗಿಸಲು ಒದ್ದಾಡುವ ನನಗೆ ಅದೇ ದೊಡ್ಡ ಸುಖ. ಬಾವಿ ನೀರಿಗೆ ಸ್ವಲ್ಪ ಉಪ್ಪು ರುಚಿ ಇತ್ತು, ಕುಡಿಯಲು ಕ್ಯಾನ್ ನೀರು ಇಟ್ಟಿದ್ದರು. ಊಟ, ತಿಂಡಿ ಸೇರಿ ಹೇಳಿದ ರೇಟು ನ್ಯಾಯವಾಗಿತ್ತು, ಕೊನೆಗೆ ಬಿಲ್ಲಿನಲ್ಲಿ ಹೊಸದಾಗಿ ಏನೂ ಸೇರಲಿಲ್ಲ.

ಮೊದಲ ರಾತ್ರಿ ಊಟಕ್ಕೆ ಕೂತಾಗ ಅಕ್ಕ ಜಗಲಿಯ ದೀಪ ಆರಿಸಿದರು. "ಕರೆಂಟ್ ಹೋಯ್ತಾ?" ಅಂದರು ಅತ್ತೆ.

"ಇಲ್ಲ ಅಮ್ಮಾ, ಆಮೆ ಕಾಲ ಇದು. ಕಡಲ ಬದಿಗೆ ಬೆಳಕು ಬಿಡೋದಿಲ್ಲ."

ಊಟ ಆದಮೇಲೆ ನಾನು ಹೊರಗೆ ಹೋಗಿ ನೋಡಿದೆ. ದಾರಿಗೆ ಬೇಕಾದ ಒಂದು ಬಲ್ಬು ಮಾತ್ರ ಉರಿಯುತ್ತಿತ್ತು. ಅದಕ್ಕೆ ಪೇಂಟ್ ಡಬ್ಬಿಯನ್ನು ಉದ್ದಕ್ಕೆ ಸೀಳಿ, ಕಡಲ ಬದಿ ಮರೆಯಾಗುವ ಹಾಗೆ ತಂತಿಯಲ್ಲಿ ಕಟ್ಟಿದ್ದರು. ಬೆಳಕು ಮೆಟ್ಟಿಲಿಗಷ್ಟೇ ಬೀಳುತ್ತಿತ್ತು. ಮೊಟ್ಟೆ ಇಡಲು ಬರುವ ಆಮೆ ದಡದಲ್ಲಿ ಬೆಳಕು ಕಂಡರೆ ಹಿಂದೆ ತಿರುಗುತ್ತದಂತೆ. ಮರಿಗಳ ಕಷ್ಟ ಇನ್ನೂ ದೊಡ್ಡದು. ಗೂಡಿನಿಂದ ಎದ್ದ ಮರಿ ಎಲ್ಲಿ ಬೆಳಕು ಜಾಸ್ತಿಯೋ ಅತ್ತ ಹೊರಡುತ್ತದೆ. ಕತ್ತಲೆ ರಾತ್ರಿಯಲ್ಲಿ ಅದು ಕಡಲೇ ಆಗಿರುತ್ತದೆ. ನಾವು ದಡದಲ್ಲಿ ಟ್ಯೂಬ್‌ಲೈಟ್ ಹಾಕಿದರೆ ಮರಿ ರಸ್ತೆ ಕಡೆಗೆ ಬರುತ್ತದೆ. ಬೆಳಗಾಗುವುದರೊಳಗೆ ನಾಯಿ, ಕಾಗೆ ಮುಗಿಸಿರುತ್ತವೆ.

"ಬಂದವರು ಜಗಳ ಮಾಡೋದಿಲ್ವಾ ಅಕ್ಕ, ಕತ್ತಲೆ ಅಂತ?" ಕೇಳಿದೆ.

"ಮಾಡ್ತಾರೆ ತಂಗಿ. ಫೋನಿನಲ್ಲೇ ಹೇಳಿರ್ತೇನೆ. ಆಗೋದಿಲ್ಲ ಅಂದ್ರೆ ಬೇರೆ ಮನೆ ನೋಡಿ ಅಂತೇನೆ. ಅಡ್ಡಿಲ್ಲ."

ಆ "ಅಡ್ಡಿಲ್ಲ" ನನ್ನ ತಲೆಯಲ್ಲಿ ಕೂತುಬಿಟ್ಟಿತು. ಊರಿಗೆ ಬಂದ ಮೇಲೆ ನಾನೂ ಬುಕಿಂಗ್ ಫೋನಿನಲ್ಲೇ ಹೇಳಲು ಶುರುಮಾಡಿದ್ದೇನೆ. ಕತ್ತಲಾದ ಮೇಲೆ ತೋಟದೊಳಗೆ ಹೋಗುವ ಹಾಗಿಲ್ಲ, ಆನೆ ಬಂದರೆ ಬಾಗಿಲು ಹಾಕಿ ಒಳಗೇ ಇರಬೇಕು, ಒಪ್ಪಿಗೆಯಾದರೆ ಬನ್ನಿ ಅಂತ. ಕೆಲವರು ಫೋನ್ ಇಟ್ಟರು. ಮೈಸೂರಿನಿಂದ ಒಬ್ಬ ಅಮ್ಮ, ಮಕ್ಕಳನ್ನು ಕರೆದುಕೊಂಡು ಬರ್ತಿದ್ದೇನೆ, ಹೀಗೆ ಹೇಳುವ ಮನೆಯೇ ಬೇಕಿತ್ತು ಅಂದರು.

ಆಮೆ ಮರಿ ಕಡಲಿಗೆ ಹೋಗುವುದು ನೋಡಬೇಕೆಂದರೆ ಅದೃಷ್ಟ ಬೇಕು, ಟಿಕೆಟ್ ತಗೊಂಡು ನೋಡುವ ವಸ್ತುವಲ್ಲ. ಕಾಸರಕೋಡು, ಟೊಂಕದ ಕಡೆ ದಡಕ್ಕೆ ಬರುವುದು ಆಲಿವ್ ರಿಡ್ಲಿ ಜಾತಿಯ ಆಮೆ. ಒಡಿಶಾದ ಗಹಿರ್‌ಮಠದಲ್ಲಿ ಸಾವಿರಾರು ಒಟ್ಟಿಗೆ ಬರುತ್ತವಲ್ಲ, ಅದೇ ಜಾತಿ. ಇಲ್ಲಿ ಒಂಟಿಯಾಗಿ ಬರುತ್ತವೆ. ರಾತ್ರಿ ಬಂದು, ಹಿಂಗಾಲಿನಲ್ಲಿ ಮರಳು ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ ಹೊರಟುಹೋಗುತ್ತವೆ. 45ರಿಂದ 60 ದಿನಕ್ಕೆ ಮರಿ. ಮರಳು ಬೆಚ್ಚಗಿದ್ದಷ್ಟೂ ಹೆಣ್ಣು ಮರಿ ಜಾಸ್ತಿ. ಆ ಹೆಣ್ಣು ದೊಡ್ಡದಾದ ಮೇಲೆ ಹುಟ್ಟಿದ ಕರಾವಳಿಯನ್ನೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ನಮ್ಮ ಆನೆಯ ಜೊತೆ ಇದೂ ಇದೆ.

ಬೆಳಗಿನ ಜಾವ ಅಕ್ಕ ಬಾಗಿಲು ತಟ್ಟಿ, "ಮರಿ ಎದ್ದಾವಂತೆ, ಬನ್ನಿ" ಅಂದಾಗ ಇನ್ನೂ ಕತ್ತಲಿತ್ತು. ಗೂಡಿನ ಸುತ್ತ ಬಲೆ ಕಟ್ಟಿ, ಒಂದು ಕೋಲಿಗೆ ತಾರೀಖು ಬರೆದ ಹಲಗೆ ಹೊಡೆದಿದ್ದರು. ಗೂಡು ಕಂಡು ಅರಣ್ಯ ಇಲಾಖೆಗೆ ಸುದ್ದಿ ಕೊಟ್ಟವರು ಅಲ್ಲಿನ ಮೀನುಗಾರರೇ. ಹಿಂದೆ ಮೊಟ್ಟೆ ತೆಗೆದು ತಿನ್ನುತ್ತಿದ್ದ ಕಾಲವೂ ಇತ್ತು ಅಂತ ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು. ಈಗ ಅವರ ಮನೆಯ ಹುಡುಗರೇ ರಾತ್ರಿ ಕಾವಲು ಕೂರುತ್ತಾರೆ.

ಕಾವಲಿನ ಅಣ್ಣ ಮೊದಲು ಮಾಡಿದ್ದು ಏನು ಗೊತ್ತಾ? ಗೂಡಿನಿಂದ ನೀರಿನವರೆಗೆ ಒಂದು ಹಲಗೆ ಎಳೆದು ಮರಳು ಸಮ ಮಾಡಿದರು. ಹಿಂದಿನ ದಿನ ಓಡಾಡಿದವರ ಹೆಜ್ಜೆ ಗುರುತು ತುಂಬ ಇತ್ತು. ನಮ್ಮ ಒಂದು ಹೆಜ್ಜೆ ಮರಿಗೆ ಹೊಂಡ. ಬಿದ್ದರೆ ಮೇಲೆ ಬರಲು ಅದರ ಶಕ್ತಿಯೆಲ್ಲ ಖರ್ಚಾಗುತ್ತದೆ. ಆಮೇಲೆ ನಮ್ಮನ್ನು ಎರಡು ಬದಿಗೆ ಸಾಲಾಗಿ ನಿಲ್ಲಿಸಿದರು. "ಫ್ಲ್ಯಾಶ್ ಬೇಡ, ಮುಂದೆ ಬರಬೇಡಿ, ಕೈ ಹಾಕಬೇಡಿ." ಬೇರೆ ಕಡೆಯಿಂದ ಬಂದಿದ್ದ ಒಬ್ಬರು, ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ಫೋಟೋ ತೆಗೆದರೆ ಏನಾಗುತ್ತೆ ಅಂತ ಕೇಳಿದರು. ಅಣ್ಣ ಸಿಟ್ಟಾಗಲಿಲ್ಲ. "ಅವು ನಡೆದೇ ಹೋಗಬೇಕು ಸಾರ್" ಅಂದರು, ಅಷ್ಟೇ. ಅವರು ಕೈ ಹಿಂದೆ ಕಟ್ಟಿಕೊಂಡು ನಿಂತರು.

ಮರಿ ಬೂದು ಕಪ್ಪು. ಚಿಪ್ಪು ನನ್ನ ಹೆಬ್ಬೆರಳಿಗಿಂತ ಉದ್ದ ಇಲ್ಲ. ಮುಂದಿನ ಎರಡು ಕೈ ಮಾತ್ರ ದೇಹಕ್ಕೆ ಮೀರಿದ ಉದ್ದ. ನಮ್ಮ ಕಾಲ ಬುಡದಲ್ಲೇ ಒಂದು ಮರಿ ಬಂದಿತು. ಕಣ್ಣ ಮೇಲೆ ಮರಳು ಮೆತ್ತಿತ್ತು. ನಾಲ್ಕು ಸಲ ಕೈ ಬೀಸಿ ಸುಮ್ಮನಾಗುತ್ತದೆ, ತಲೆ ಎತ್ತುತ್ತದೆ, ಮತ್ತೆ ಬೀಸುತ್ತದೆ. ಹಿಂದೆ ಮರಳಲ್ಲಿ ಎರಡು ಸಾಲು ಸಣ್ಣ ಗೀಟು. ನೀರು ಬಂದು ತಾಗಿದ್ದೇ ತಡ, ಅಲೆ ಅದನ್ನು ಹಿಂದಕ್ಕೆ ನೂಕಿತು, ಮತ್ತೆ ಶುರುವಿನಿಂದ. ಮಗಳು ನನ್ನ ತೋಳು ಗಟ್ಟಿ ಹಿಡಿದಿದ್ದಳು. ಅತ್ತೆ ಮೊಣಕಾಲು ನೋವು ಮರೆತು ಅಷ್ಟು ಹೊತ್ತೂ ನಿಂತೇ ಇದ್ದರು. "ಅದರ ಅಮ್ಮ ಎಲ್ಲಿರ್ತದೆ ಈಗ?" ಅಂತ ಕೇಳಿದರು. ಮೊಟ್ಟೆ ಇಟ್ಟ ಮೇಲೆ ತಾಯಿ ತಿರುಗಿ ನೋಡೋದಿಲ್ಲ ಅಮ್ಮಾ, ಇವು ಹುಟ್ಟಿದಾಗಿನಿಂದ ಒಂಟಿಯೇ ಅಂದರು ಅಣ್ಣ. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಇದಕ್ಕೆ ಯಾರೂ ದುಡ್ಡು ಕೇಳಲಿಲ್ಲ. ನಾವು ಕೊಟ್ಟರೂ ತಗೊಳ್ಳಲಿಲ್ಲ. ಇದೇ ಟೊಂಕದ ದಡದಲ್ಲಿ ಖಾಸಗಿ ಬಂದರು ಬರುತ್ತದೆ ಅಂತ ಮೀನುಗಾರರು ವರ್ಷಗಳಿಂದ ಹೋರಾಟ ಮಾಡುತ್ತಿದ್ದಾರೆ. ಅವರ ಮನೆ, ಮೀನು ಒಣಗಿಸುವ ಜಾಗ, ಆಮೆ ಗೂಡು ಎಲ್ಲ ಒಂದೇ ಪಟ್ಟಿ ಮರಳಿನಲ್ಲಿವೆ. ನೋಡಿ ಬಂದ ಮೇಲೆ ನನಗೆ ಆ ಮರಳು ಹಾಗೇ ಉಳಿಯಬೇಕು ಅನಿಸುತ್ತದೆ. ಹತ್ತಿರದ ಅಪ್ಸರಕೊಂಡ-ಮುಗಳಿ ಪ್ರದೇಶವನ್ನು ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮ ಅಂತ ಮಾಡಿದ್ದು ಒಳ್ಳೆಯ ಕೆಲಸ. ಆ ಕಾಳಜಿ ಟೊಂಕದವರೆಗೂ ಬರಲಿ.

ಕಾಸರಕೋಡು ಇಕೋ ಬೀಚ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ, ಸ್ವಚ್ಛ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ಕರ್ನಾಟಕದಿಂದ ಪಡುಬಿದ್ರಿ ಮತ್ತು ಇದು, ಎರಡೇ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ನಿಜವಾಗಿ ಸ್ವಚ್ಛ ಇವೆ. ಹೆಂಗಸರು, ವಯಸ್ಸಾದವರು ಇರುವ ಕುಟುಂಬಕ್ಕೆ ಇದು ದೊಡ್ಡ ವಿಷಯ. ಈಜಲು ಗುರುತು ಮಾಡಿದ ಜಾಗ ಇದೆ, ಕಾವಲಿನವರು ಸೀಟಿ ಊದುತ್ತಾರೆ, ಅವರ ಮಾತು ಕೇಳಿ. ಹೊಳೆ ಕಡಲು ಸೇರುವ ಅಳಿವೆ ಹತ್ತಿರ ನೀರಿಗೆ ಇಳಿಯಲೇಬೇಡಿ. ನಮ್ಮ ಹೊಳೆಯಲ್ಲಿ ಈಜು ಕಲಿತವರಿಗೆ ಆ ಸೆಳೆತ ಅರ್ಥವಾಗೋದಿಲ್ಲ.

ದೋಣಿ ಪ್ರಯಾಣ ಶರಾವತಿ ಹಿನ್ನೀರಿನಲ್ಲಿ. ಲೈಫ್ ಜಾಕೆಟ್ ಹಾಕಿದ ಮೇಲೇ ದೋಣಿ ಬಿಟ್ಟರು, ಅತ್ತೆಗೂ ವಿನಾಯಿತಿ ಇಲ್ಲ. ಮೊದಲು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಯಲ್ಲಿ ಹೋಗಿ, ಆಮೇಲೆ ಅಳಿವೆ ಕಡೆ. ಮೇಲೆ ಗರುಡ ಸುತ್ತುತ್ತಿತ್ತು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇಲ್ಲೇ ಇರುವುದು, ಎರಡು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ನಾವು ಕೆಳಗಿರುವಾಗಲೇ ರೈಲು ಬಂತು. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ ನೋಡಿ, ಅತ್ತೆ ಅದು ಪೂರ್ತಿ ದಾಟುವವರೆಗೆ ಕೈ ಬೀಸಿದರು. ಬಾಗಿಲಲ್ಲಿ ಕೂತಿದ್ದ ಯಾರೋ ಹುಡುಗ ತಿರುಗಿ ಕೈ ಬೀಸಿದ.

ಡಾಲ್ಫಿನ್ ಕಂಡದ್ದು ಅಳಿವೆಯ ಹತ್ತಿರ. ದೋಣಿಯವರು ಎಂಜಿನ್ ಆರಿಸಿ, "ಕಂಡ್ರೆ ಕಂಡಿತು, ಇಲ್ದಿದ್ರೆ ಇಲ್ಲ, ಇಲ್ಲೇ ಕಾಯುವ" ಅಂದರು. ಕಾದೆವು. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಫುಸ್ ಅಂತ ಉಸಿರು ಬಿಟ್ಟ ಸದ್ದು ಮೊದಲು ಕೇಳಿತು, ಬೆನ್ನು ಕಂಡದ್ದು ಆಮೇಲೆ. ಇಲ್ಲಿಯದು ಗೂನು ಬೆನ್ನಿನ ಡಾಲ್ಫಿನ್. ಬೆನ್ನ ಮೇಲೆ ಉಬ್ಬು, ಅದರ ತುದಿಯಲ್ಲಿ ಸಣ್ಣ ರೆಕ್ಕೆ. ಟಿವಿಯಲ್ಲಿ ತೋರಿಸುವ ಹಾಗೆ ಮೇಲಕ್ಕೆ ಹಾರೋದು ಕಡಿಮೆ. ನಿಧಾನಕ್ಕೆ ಬೆನ್ನು ತೋರಿಸಿ, ಒಂದು ಸುತ್ತು ಹೊರಳಿ ಒಳಗೆ ಹೋಗುತ್ತದೆ. ಆಳ ಕಡಿಮೆ ಇರುವ ದಡದ ನೀರಲ್ಲೇ ಇರುವ ಜಾತಿ, ಅಳಿವೆಗೆ ಮೀನು ಹುಡುಕಿಕೊಂಡು ಬರುತ್ತದೆ. ದಡದ ಹತ್ತಿರ ಇರುವುದಕ್ಕೇ ಬಲೆ, ದೋಣಿ, ಕೊಳಚೆ ಎಲ್ಲದರ ಪೆಟ್ಟು ಅದಕ್ಕೇ ಮೊದಲು.

ನನಗೆ ಬೇಸರವಾದ ಒಂದೇ ಸಂಗತಿ ಇಲ್ಲಿ ನಡೆಯಿತು. ಹಾಡು ಜೋರಾಗಿ ಹಾಕಿಕೊಂಡು ಇನ್ನೊಂದು ದೋಣಿ ಬಂತು. ಬೆನ್ನು ಕಂಡ ಕಡೆಗೇ ಎಂಜಿನ್ ಏರಿಸಿ ಓಡಿಸಿದರು, ಒಳಗಿದ್ದವರು ಕಿರುಚಿದರು. ಡಾಲ್ಫಿನ್ ಮತ್ತೆ ಬರಲಿಲ್ಲ. ನಮ್ಮ ದೋಣಿಯವರು ಆ ಕಡೆ ಏನೋ ಕೂಗಿ ಹೇಳಿದರು, ಆ ಗಲಾಟೆಯಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ. ಊರಿನ ಒಳ್ಳೆ ಅಭ್ಯಾಸ ಹಾಳಾಗೋದು ಹೀಗೆ, ಒಬ್ಬರಿಂದ. ಬಂದವರು ಹೀಗೇ ಬೇಕು ಅಂದಾಗ ಇನ್ನೊಬ್ಬರೂ ಶುರುಮಾಡುತ್ತಾರೆ. ಕೊಡಗಿನಲ್ಲಿ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ. ದೋಣಿ ಹತ್ತುವ ಮೊದಲು ಕೇಳಿ, ಡಾಲ್ಫಿನ್ ಕಂಡರೆ ಎಂಜಿನ್ ಆರಿಸ್ತೀರಾ ಅಂತ. ಹೌದು ಅನ್ನುವವರ ದೋಣಿಗೇ ದುಡ್ಡು ಕೊಡಿ. ಪ್ರವಾಸಿಗಳಾಗಿ ನಮ್ಮ ಕೈಯಲ್ಲಿರುವ ಬಲ ಅದೊಂದೇ.

ಕಾಂಡ್ಲಾವನದ ಮರದ ಸೇತುವೆಗೆ ಇಳಿತದ ಹೊತ್ತಿನಲ್ಲಿ ಹೋಗಿ. ಭರತದಲ್ಲಿ ಹೋದರೆ ಬರೀ ನೀರು ಕಾಣುತ್ತದೆ. ಇಳಿತದಲ್ಲಿ ಕೆಸರು ತೆರೆದುಕೊಳ್ಳುತ್ತದೆ, ನೋಡುವುದೆಲ್ಲ ಅಲ್ಲೇ. ಉಸಿರಾಡಲು ಮೇಲೆದ್ದ ಬೇರುಗಳು, ಕೊಂಬೆಯಲ್ಲೇ ಮೊಳೆತು ನುಗ್ಗೆಕಾಯಿಯ ಹಾಗೆ ಜೋತಾಡುವ ಬೀಜಗಳು. ಹಣ್ಣಾದಾಗ ಅವು ಕೆಸರಿಗೆ ಬಿದ್ದು ನೆಟ್ಟಗೆ ನಾಟಿಕೊಳ್ಳುತ್ತವೆ, ಇಲ್ಲವೆ ನೀರಲ್ಲಿ ತೇಲಿ ಬೇರೆ ದಡ ಸೇರುತ್ತವೆ. ಅತ್ತೆಗೆ ಇಷ್ಟವಾದದ್ದು ಏಡಿ. ಮಳೆಗಾಲದಲ್ಲಿ ಗದ್ದೆ ಏಡಿ ಹಿಡಿದು ಬೆಳೆದವರು ಅವರು. ಇಲ್ಲಿಯ ಏಡಿ ಬೆರಳ ತುದಿಯಷ್ಟು, ಆದರೆ ಗಂಡಿಗೆ ಒಂದು ಕೊಂಡಿ ಮೈಯಷ್ಟೇ ದೊಡ್ಡದು. ಬಿಲದ ಬಾಯಲ್ಲಿ ನಿಂತು ಅದನ್ನು ಮೇಲೆತ್ತಿ ಬೀಸುತ್ತದೆ, ಹೆಣ್ಣನ್ನು ಕರೆಯಲು, ಪಕ್ಕದ ಗಂಡನ್ನು ಹೆದರಿಸಲು. ತಿನ್ನುವುದು ಸಣ್ಣ ಕೊಂಡಿಯಲ್ಲಿ. ನಮ್ಮ ನೆರಳು ಬಿದ್ದರೆ ಎಲ್ಲ ಒಟ್ಟಿಗೆ ಮಾಯ. ಅಲುಗದೆ ನಿಂತರೆ ಒಂದೊಂದೇ ಹೊರಗೆ. ಯಜಮಾನರು ಕಾರಿನ ಹತ್ತಿರ ಕಾದು ಸುಸ್ತಾಗಿ ಫೋನ್ ಮಾಡುವವರೆಗೆ ನಾವು ಮೂರೂ ಹೆಂಗಸರು ಅಲ್ಲೇ ಇದ್ದೆವು.

ಇನ್ನು ಊಟ. ನಮ್ಮ ಸಂತೆಗೆ ಬರುವ ಕಡಲ ಮೀನು ಮಂಗಳೂರು, ಕಣ್ಣೂರಿನಿಂದ ಐಸ್ ಹಾಕಿಕೊಂಡು ಘಾಟಿ ಹತ್ತಿ ಬರೋದು. ಅದಕ್ಕೂ ದಡದ ಮೀನಿಗೂ ಎಷ್ಟು ವ್ಯತ್ಯಾಸ ಅನ್ನೋದು ಬಂಗಡೆಯಲ್ಲಿ ಗೊತ್ತಾಗುತ್ತದೆ. ಅಕ್ಕ ಬೆಳಿಗ್ಗೆ ತಂದ ಬಂಗಡೆಯನ್ನು ಮಧ್ಯಾಹ್ನ ಸಾರು ಮಾಡಿದರು, ಮಾಂಸ ಮೂಳೆಯಿಂದ ದಪ್ಪ ಪದರಾಗಿ ಬಿಟ್ಟಿತು, ನಾತ ಅನ್ನೋದೇ ಇಲ್ಲ. ಹುಳಿಗೆ ಹಾಕಿದ್ದು ಉಪ್ಪಾಗೆ ಸಿಪ್ಪೆ. ಅಡಿಗೆಮನೆಯಲ್ಲಿ ಆ ಕಪ್ಪು ಸಿಪ್ಪೆ ನೋಡಿ ನನಗೆ ಖುಷಿಯಾಯಿತು. ನಾವು ಕಾಚಂಪುಳಿ ಇಳಿಸುವುದು ಇದೇ ಹಣ್ಣಿನಿಂದ. ಇವರು ಸಿಪ್ಪೆ ಒಣಗಿಸಿ ಇಡುತ್ತಾರೆ, ನಾವು ರಸ ಇಳಿಸಿ ಕುದಿಸಿ ಕುದಿಸಿ ಗಟ್ಟಿ ಮಾಡುತ್ತೇವೆ. ಇವರದು ಮೀನಿಗೆ, ನಮ್ಮದು ಹಂದಿಗೆ. ಅಕ್ಕ ಬೀಜದಿಂದ ತುಪ್ಪ ತೆಗೆಯುವ ವಿಷಯವನ್ನೂ ಹೇಳಿದರು, ನಮ್ಮಲ್ಲಿ ಬೀಜ ಎಸೆಯುತ್ತೇವೆ.

ಬಳಚಿನ (ಕಪ್ಪೆಚಿಪ್ಪಿನ) ಸುಕ್ಕಾ ಕೇಳಿ ಮಾಡಿಸಿಕೊಳ್ಳಿ. ತೆಂಗಿನ ತುರಿ ಜೊತೆ ಚಿಪ್ಪು ಸಮೇತ ಬರುತ್ತದೆ, ಒಂದೊಂದೇ ಬಿಡಿಸಿ ತಿನ್ನಬೇಕು. ಇಲ್ಲಿ ಒಂದು ವಿಷಯ ತಿಳಿಯಿತು. ಬಳಚು ಬಂದದ್ದು ಎದುರಿಗಿರುವ ಶರಾವತಿಯಿಂದಲ್ಲ, ಕುಮಟಾ ಕಡೆಯ ಅಘನಾಶಿನಿಯಿಂದ. ಶರಾವತಿಗೆ ಮೇಲೆ ಲಿಂಗನಮಕ್ಕಿ ಅಣೆಕಟ್ಟೆ ಇದೆ, 1964ರದು. ಕರೆಂಟು ತೆಗೆದ ಸಿಹಿನೀರು ವರ್ಷವಿಡೀ ಅಳಿವೆಗೆ ಬರುತ್ತಿರುತ್ತದೆ, ಉಪ್ಪು ಸಾಲದೆ ಬಳಚು ಕಡಿಮೆಯಾಗಿದೆ. ಅಘನಾಶಿನಿಗೆ ಅಣೆಕಟ್ಟೆ ಇಲ್ಲ, ಅದಕ್ಕೇ ಅಲ್ಲಿ ಸಮೃದ್ಧಿ. ಘಟ್ಟದ ಮೇಲೆ ಏನು ಮಾಡಿದರೂ ಕಡಲವರೆಗೆ ಮುಟ್ಟುತ್ತದೆ ಅನ್ನೋದನ್ನು ಘಟ್ಟದ ಮೇಲಿರುವ ನಾವು ತಟ್ಟೆಯ ಮುಂದೆ ಕೂತು ತಿಳಿದುಕೊಂಡೆವು.

ಕಾಫಿ ಮಾತ್ರ ಕೇಳಬೇಡಿ. ಚಹಾ ಚೆನ್ನಾಗಿದೆ, ಅದನ್ನೇ ಕುಡಿಯಿರಿ, ಇಲ್ಲವೆ ಮನೆಯಿಂದ ಪುಡಿ ತಗೊಂಡು ಹೋಗಿ. ನಾನು ತಗೊಂಡು ಹೋಗಿದ್ದೆ. ಮಿಕ್ಕ ಪುಡಿ ಅಕ್ಕನಿಗೇ ಕೊಟ್ಟೆ, ಅರ್ಧ ಕಿಲೋ ಕರಿಮೆಣಸೂ ಕೊಟ್ಟೆ. ಈ ಕಡೆಯ ಜನಕ್ಕೆ ಮೆಣಸು ಹೊಸದಲ್ಲ ಬಿಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದದ್ದು, ಅವಳ ಮೆಣಸು ಇದೇ ಹೊಳೆಯಲ್ಲಿ ಇಳಿದು ಕಡಲಿಗೆ ಹೋಗುತ್ತಿತ್ತು. ಮೆಣಸು ಬೆಳೆಯುವ ನಮಗೆ ಇಂಥ ಒಬ್ಬ ರಾಣಿ ಇದ್ದಳು ಅಂತ ಶಾಲೆಯಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ.

ಇಡಗುಂಜಿ ಹದಿನೈದು ಕಿಲೋಮೀಟರಿನೊಳಗೆ. ಎರಡೇ ಕೈಯ, ನಿಂತ ಗಣಪತಿ. ಮಂಗಳವಾರ, ಸಂಕಷ್ಟಿ ಬಿಟ್ಟು ಹೋದರೆ ಆರಾಮಾಗಿ ದರ್ಶನ. ಅಪ್ಸರಕೊಂಡಕ್ಕೆ ಸಂಜೆ ಹೋಗಿ. ಬೇಸಿಗೆಯಲ್ಲಿ ಜಲಪಾತ ತೆಳ್ಳಗೆ, ಅಬ್ಬಿ ನೋಡಿದವರಿಗೆ ಅದು ದೊಡ್ಡದೇನೂ ಅಲ್ಲ. ಗುಡ್ಡದ ಮೇಲಿನಿಂದ ಕಾಣುವ ಕಡಲಿಗಾಗಿ ಹತ್ತಬೇಕು.

ಕೊರತೆಗಳೂ ಇವೆ. ಮಾರ್ಚಿನ ಸೆಕೆ ನಮ್ಮಂಥವರಿಗೆ ಕಷ್ಟ, ಮಧ್ಯಾಹ್ನ ಹೊರಗೆ ಹೋಗುವ ಯೋಚನೆ ಬೇಡ. ಸಂಜೆ ಕಾಂಡ್ಲಾ ಹತ್ತಿರ ಸೊಳ್ಳೆ ಕಾಟ. ದಾರಿ ಫಲಕಗಳು ಸಾಲದು, ಹೆದ್ದಾರಿಯಲ್ಲಿ ತಿರುವು ತಪ್ಪಿದರೆ ಸೇತುವೆ ದಾಟಿ ವಾಪಸ್ ಬರಬೇಕು. ಬೀಚಿನಾಚೆ ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಬಿದ್ದಿರುತ್ತದೆ. ರಾತ್ರಿ ತಿರುಗಾಡಲು, ಶಾಪಿಂಗ್ ಮಾಡಲು ಏನೂ ಇಲ್ಲ. ಕೊನೆಯದನ್ನು ನಾನು ಕೊರತೆ ಅಂತ ಲೆಕ್ಕ ಹಾಕೋದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಆಗ ಮೀನೂ ಕಡಿಮೆ, ಕಡಲೂ ಒರಟು. ಕಾರು ಇಲ್ಲದವರು ಮಡಿಕೇರಿಯಿಂದ ಬಸ್ಸಿನಲ್ಲಿ ಮಂಗಳೂರು ಇಳಿದು, ಅಲ್ಲಿಂದ ಕೊಂಕಣ ರೈಲ್ವೆಯ ಗಾಡಿ ಹಿಡಿದರೆ ಹೊನ್ನಾವರದಲ್ಲೇ ಇಳಿಯಬಹುದು. ಎಲ್ಲ ರೈಲೂ ಅಲ್ಲಿ ನಿಲ್ಲೋದಿಲ್ಲ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ಸ್ಟೇಷನ್ನಿನಿಂದ ಆಟೋ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಂಡುಬಿಡಿ.